ವಿಭಕ್ತಿ ಪ್ರತ್ಯಯ ಬಾರದ ಫಿಲ್ಟರು

ಮಾನ್ಯ ಸಂಪಾದಕರೇ,

ಮೊಬೈಲಿನಲ್ಲಿ ಬೇಡದ ಪೋಸ್ಟುಗಳೇ ಬರುತ್ತವೆಂದು ಗೊಣಗುವವರಿಗೆ ಓದುಗರೊಬ್ಬರು ನಿಮ್ಮ ಪತ್ರ ವಿಭಾಗದಲ್ಲಿ ‘ಬೇಡದ ಪದ ಹಾಕಿ ಮ್ಯೂಟ್ ಮಾಡಿ, ಅಲ್ಲಿಗೆ ಮುಗೀತು’ ಎಂದು ಸಲಹೆ ಕೊಟ್ಟಿದ್ದರು. ಆ ಪದ ಇರುವ ಪೋಸ್ಟು ಕಣ್ಣಿಗೆ ಬೀಳದಂತೆ ಫಿಲ್ಟರು ಹಾಕುವುದಕ್ಕೇ ಮ್ಯೂಟ್ ಎನ್ನುತ್ತಾರೆ. ಸಲಹೆ ಒಳ್ಳೆಯದೇ, ನಾನೂ ಅದನ್ನೇ ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವ ಓದುವ ಮಂದಿಗೆ ಅದು ಅಲ್ಲಿಗೆ ಮುಗಿಯುತ್ತದೆ ಎಂಬುದೂ ಖರೆ. ಕನ್ನಡದ ಫೋನಿನಲ್ಲಿ ಮಾತ್ರ ರಗಳೆ ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೇ ಈ ಪತ್ರ. ಉದ್ದವಾದರೆ ನಿಮ್ಮ ಉಪಸಂಪಾದಕರು ಕತ್ತರಿಸಲಿ, ಆದರೆ ಪ್ರತ್ಯಯದ ಭಾಗಕ್ಕೆ ಕೈ ಹಾಕಬಾರದೆಂದು ವಿನಂತಿ.

ನಾನು ಗದಗ–ಬೆಟಗೇರಿಯವಳು. ಮುದ್ರಣ ಕಾಶಿ ಎಂದು ಕರೆಸಿಕೊಳ್ಳುವ ಈ ಊರಿನ ಪ್ರೆಸ್ಸುಗಳಲ್ಲಿ ಪ್ರೂಫ್ ನೋಡಿಕೊಂಡೇ ಸಂಸಾರ ಮಾಡಿದವಳು. ಮೊಳೆ ಜೋಡಿಸುವ ಕಾಲದಲ್ಲಿ ಶುರುಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಬಂದು, ‘ಬರಹ’, ‘ನುಡಿ’ ಎಂಬ ಕನ್ನಡ ತಂತ್ರಾಂಶ ಎಲ್ಲ ದಾಟಿ ಈಗ ಯುನಿಕೋಡಿಗೆ ಬಂದು ನಿಂತಿದ್ದೇನೆ. ಲಗ್ನಪತ್ರಿಕೆ, ಪಂಚಾಂಗ, ಪರೀಕ್ಷೆಯ ಗೈಡು, ನಿವೃತ್ತರ ಅಭಿನಂದನ ಗ್ರಂಥ, ಸಹಕಾರಿ ಸಂಘದ ವಾರ್ಷಿಕ ವರದಿ, ಯಾವುದು ಬಂದರೂ ನೋಡಿ ಕೊಡುತ್ತೇನೆ. ಅಕ್ಷರದ ಹಿಂದೆ ಬಿದ್ದ ಕಣ್ಣು ಮೊಬೈಲಿನಲ್ಲೂ ಸುಮ್ಮನಿರುವುದಿಲ್ಲ. ಬೇರೆಯವರು ‘ಈ ಫಿಲ್ಟರ್ ಕೆಲಸ ಮಾಡಂಗಿಲ್ಲ’ ಎಂದು ಬಿಟ್ಟುಬಿಡುವಲ್ಲಿ ನಾನು ಯಾಕೆ ಮಾಡುವುದಿಲ್ಲ ಎಂದು ನೋಡುತ್ತ ಕೂತೆ.

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಬಂತು. ನಲವತ್ತು ದಾಟಿದ ಮನೆಗಳಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ವೈದ್ಯಕೀಯ ಸಂಶೋಧನೆಯ ಸರ್ಕಾರಿ ಮಂಡಳಿಯಾದ ಐಸಿಎಂಆರ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆ. ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಚೀಟಿ ನೋಡಿ ಡಾಕ್ಟರು ಮಾತ್ರೆ ಬರೆದರು, ಅನ್ನ ಕಡಿಮೆ ಮಾಡಿ ಎಂದರು. ರಾತ್ರಿ ನಾನು ನವಣೆ ಅನ್ನ ಉದುರುದುರಾಗಿ ಆಗುವುದು ಹೇಗೆಂದು ಫೋನಿನಲ್ಲಿ ಹುಡುಕಿದೆ. ಅಷ್ಟೇ ನೋಡಿ. ಬೆಳಗಾಗುವುದರೊಳಗೆ ನನ್ನ ಫೋನಿಗೆ ನಮ್ಮ ಮನೆಯ ರೋಗ ಗೊತ್ತಾಗಿತ್ತು. ‘ಏಳೇ ದಿನದಲ್ಲಿ ಶುಗರ್ ಮಾಯ’, ‘ಮಾತ್ರೆ ಇವತ್ತೇ ಬಿಸಾಕಿ’, ‘ಡಾಕ್ಟರುಗಳು ಮುಚ್ಚಿಟ್ಟ ಗುಟ್ಟು’. ಬಿಳಿ ಕೋಟು ಹಾಕಿಕೊಂಡು, ಕೊರಳಿಗೆ ಸ್ಟೆತಸ್ಕೋಪ್ ಇಳಿಬಿಟ್ಟುಕೊಂಡು, ಹಾಗಲಕಾಯಿ ಹಿಡಿದು ಮಾತಾಡುವವರ ಸಾಲು. ಒಂದು ಸರಿಸಿದರೆ ಇನ್ನೊಂದು. ನಮ್ಮ ಮನೆಯವರ ಫೋನಿನಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಅವರು ಪೂರ್ತಿ ನೋಡುವವರು. ನೋಡಿದಷ್ಟೂ ಹಾಕಿಕೊಡುವುದು ಆ ಯಂತ್ರದ ಧರ್ಮ.

ಅವರು ಒಂದು ಪುಡಿ ತರಿಸಿದರು. ಸಾವಿರದ ಎಂಟುನೂರು ರೂಪಾಯಿ, ಪಾರ್ಸೆಲ್ ಬಂದಾಗ ರೊಕ್ಕ. ಡಬ್ಬಿಯ ಮೇಲೆ ಕಂಪನಿಯ ವಿಳಾಸವನ್ನು ನನ್ನಂಥ ಪ್ರೂಫ್ ನೋಡುವವಳೂ ಭೂತಗನ್ನಡಿ ಹಿಡಿದೇ ಓದಬೇಕು, ಅಷ್ಟು ಸಣ್ಣ ಅಕ್ಷರ. ‘ಸಂಪೂರ್ಣ ಗುಣ’ ಎಂಬುದು ಮಾತ್ರ ದಪ್ಪ ಅಕ್ಷರದಲ್ಲಿತ್ತು. ಪುಡಿ ಶುರುವಾದ ಮೇಲೆ ರಾತ್ರಿಯ ಮಾತ್ರೆ ತಾನಾಗಿ ನಿಂತಿತು. ಮುಂದಿನ ಚೀಟಿಯಲ್ಲಿ ಅಂಕಿ ಮೇಲೇರಿದ್ದನ್ನು ನೋಡಿ ಡಾಕ್ಟರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಮಧುಮೇಹ ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹದ ಹೆಸರೇ ಇದೆ. ಎಪ್ಪತ್ತು ವರ್ಷ ದಾಟಿದ ಕಾಯ್ದೆ ಅದು. ರೀಲ್ಸ್ ಮಾಡುವವರಿಗೆ ಅದನ್ನು ಯಾರೂ ಓದಿ ಹೇಳಿದಂತಿಲ್ಲ. (ಪತ್ರಿಕೆಗಳ ಒಳಪುಟದಲ್ಲೂ ಇಂಥ ಪೆಟ್ಟಿಗೆ ಜಾಹೀರಾತು ಬರುವುದುಂಟು. ಅದು ಇನ್ನೊಂದು ಪತ್ರಕ್ಕೆ ಇರಲಿ.)

ಒಂದು ವಿಡಿಯೊ ಮೇಲೆ, ಅದು ಬಂದ ತಾಣದವರಿಗೇ ದೂರು ಕೊಟ್ಟೆವು. 2021ರ ಐಟಿ ನಿಯಮಗಳಂತೆ ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, ಗಡುವಿನೊಳಗೆ ಇತ್ಯರ್ಥ ಮಾಡಬೇಕು. ಉತ್ತರ ಬೇಗನೇ ಬಂತು, ಇಂಗ್ಲಿಷಿನಲ್ಲಿ: ನಮ್ಮ ಮಾರ್ಗಸೂಚಿಗೆ ವಿರುದ್ಧವಾದದ್ದೇನೂ ಇದರಲ್ಲಿ ಕಾಣಲಿಲ್ಲ, ನಿಮಗೆ ಬೇಡವಾದರೆ ನಿಮ್ಮ ಫೀಡನ್ನು, ಅಂದರೆ ನಿಮಗೆ ಕಾಣುವ ಪೋಸ್ಟುಗಳ ಸಾಲನ್ನು, ನೀವೇ ಹೊಂದಿಸಿಕೊಳ್ಳಬಹುದು. ಆಯಿತು, ಹೊಂದಿಸಿಕೊಳ್ಳೋಣ ಎಂದು ಕೂತೆ.

ಈ ಸೌಲಭ್ಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಟ್ವಿಟರ್ 2016ರ ಕೊನೆಗೆ ನೋಟಿಫಿಕೇಶನ್‌ಗಳಿಗೆ, ಮರುವರ್ಷ ಟೈಮ್‌ಲೈನಿಗೂ ಪದಗಳನ್ನು ಮ್ಯೂಟ್ ಮಾಡುವ ಅವಕಾಶ ಕೊಟ್ಟಿತು. ಈಗ ಅದರ ಹೆಸರು ಎಕ್ಸ್ ಆಗಿದ್ದರೂ ಸೆಟ್ಟಿಂಗ್ಸ್‌ನಲ್ಲಿ ಅದು ಉಳಿದಿದೆ. ಪದ ಬರೆದು 24 ಗಂಟೆಗೋ, 7 ದಿನಕ್ಕೋ, 30 ದಿನಕ್ಕೋ, ಇಲ್ಲ ಶಾಶ್ವತವಾಗಿಯೋ ಬೇಡ ಎನ್ನಬಹುದು. ಪದ ಹಾಕಿದರೆ ಅದೇ ಪದದ ಹ್ಯಾಶ್‌ಟ್ಯಾಗೂ ಮರೆಯಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಮೊದಲು ಕಾಮೆಂಟಿಗೆ ಬಂತು, ಆಮೇಲೆ ಅದು ತಾನಾಗಿ ತಂದು ತೋರಿಸುವ ಪೋಸ್ಟುಗಳಿಗೂ ಬಂತು. ಪೋಸ್ಟಿನ ಕೆಳಗೆ ಬರೆದ ಸಾಲಿನಲ್ಲೋ ಹ್ಯಾಶ್‌ಟ್ಯಾಗಿನಲ್ಲೋ ಆ ಪದ ಇದ್ದರೆ ತೋರಿಸುವುದಿಲ್ಲ. ಫೇಸ್‌ಬುಕ್ 2018ರಲ್ಲಿ ಪದವೊಂದನ್ನು 30 ದಿನ ಮಲಗಿಸುವ ಪ್ರಯೋಗ ಮಾಡಿತು, ಅದು ಎಲ್ಲರ ಕೈಗೆ ಬಂದು ನಿಲ್ಲಲಿಲ್ಲ. ಯೂಟ್ಯೂಬ್ ನೋಡುವವರಿಗೆ ಪದಗಳ ಪಟ್ಟಿ ಕೊಡುವ ಜಾಗವೇ ಇಲ್ಲ. ‘ಆಸಕ್ತಿ ಇಲ್ಲ’ ಎನ್ನಬೇಕು, ಇಲ್ಲವೇ ಆ ಚಾನೆಲ್ ಶಿಫಾರಸು ಮಾಡಬೇಡ ಎನ್ನಬೇಕು. ಮಸ್ಟೊಡಾನ್, ಬ್ಲೂಸ್ಕೈ ಎಂಬ ಸಣ್ಣ ತಾಣಗಳಲ್ಲಿ ಈ ವಿಚಾರದಲ್ಲಿ ಒಳ್ಳೆಯ ಅನುಕೂಲ ಇದೆ. ಆದರೆ ನಮ್ಮ ಬೀಗರು, ನೆರೆಹೊರೆಯವರು, ಮಠದ ಪುರಾಣ ಪ್ರವಚನ ಯಾವುದೂ ಅಲ್ಲಿಗೆ ಹೋಗಿಲ್ಲ.

ಪುಣೆಯಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗ ರಜೆಗೆ ಬಂದಾಗ ನನ್ನ ಫೋನಿನಲ್ಲಿ ಆ ಪುಟ ತೆಗೆದುಕೊಟ್ಟ. ನಾನು ‘ಮಧುಮೇಹ’ ಹಾಕಿದೆ, ‘ಶುಗರ್’ ಹಾಕಿದೆ, ‘ಸಕ್ಕರೆ’ ಹಾಕಿದೆ, ‘ಡಯಾಬಿಟಿಸ್’ ಹಾಕಿದೆ. ಮರುದಿನ ಮೊಬೈಲು ತೆಗೆದರೆ ಮೊದಲ ಪೋಸ್ಟೇ ‘ಮಧುಮೇಹಕ್ಕೆ ರಾಮಬಾಣ’. ಕೆಳಗೆ ‘ಮಧುಮೇಹವನ್ನು ಬೇರುಸಹಿತ ಕೀಳಿ’. ಇನ್ನೂ ಕೆಳಗೆ ‘ಮಧುಮೇಹಿಗಳೇ ಎಚ್ಚರ’.

‘ಅತ್ತಿ, ಅದು ಪೂರಾ ಪದ ತಾಳಿ ಬಂದ್ರಷ್ಟ ಹಿಡಿತೈತಿ’ ಎಂದ ಹುಡುಗ.

ಇಲ್ಲಿಗೆ ಬಂತು ವಿಷಯ. ಇಂಗ್ಲಿಷಿನಲ್ಲಿ ಪದ ತನ್ನ ಪಾಡಿಗೆ ನಿಂತಿರುತ್ತದೆ, ಅದಕ್ಕೆ, ಅದರಿಂದ, ಅದರಲ್ಲಿ ಎನ್ನುವುದೆಲ್ಲ ಬೇರೆ ಸಣ್ಣ ಪದಗಳಾಗಿ ಪಕ್ಕದಲ್ಲಿರುತ್ತವೆ. ನಮ್ಮಲ್ಲಿ ಅವೆಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ಮಧುಮೇಹವನ್ನು, ಮಧುಮೇಹದಿಂದ, ಮಧುಮೇಹಕ್ಕೆ, ಮಧುಮೇಹದ, ಮಧುಮೇಹದಲ್ಲಿ. ಮುಂದೆ ಮಧುಮೇಹವೂ, ಮಧುಮೇಹವೇ, ಮಧುಮೇಹವಿದ್ದವರು, ಮಧುಮೇಹವಿಲ್ಲದವರಿಗೂ. ನಾಲ್ಕನೆಯ ಇಯತ್ತೆಯ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಕೋಟ್ಯಂತರ ರೂಪಾಯಿಯ ಆಪಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಬೇರೆಬೇರೆ ಪದಗಳು. ಹಾಗಾಗಿ ಒಂದು ರೋಗ ತಡೆಯಬೇಕೆಂದರೆ ನಾನು ವ್ಯಾಕರಣ ಪುಸ್ತಕದ ಒಂದು ಪುಟವನ್ನೇ ಬರೆದು ತುಂಬಬೇಕು. ಬರೆದೆ ಕೂಡ. ಅಭ್ಯಾಸಬಲ.

‘ಶುಗರ್’ ಇನ್ನೂ ಮಜಾ. ಇದಕ್ಕೆ ‘ಗೆ’ ಹಚ್ಚಿ ಜನ ನಾಲ್ಕು ಥರ ಬರೆಯುತ್ತಾರೆ. ಶುಗರ್‌ಗೆ, ಶುಗರ್ಗೆ, ಶುಗರಿಗೆ, ಶುಗರ್ ಗೆ. ಮೊದಲನೆಯದರಲ್ಲಿ ರ್ ಮತ್ತು ಗೆ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಡಿಟಿಪಿಯವರಿಗೆ ಗೊತ್ತು, ಅದಕ್ಕೆ ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತಾರೆ. ಅದಿದ್ದರೆ ಒಂದು ಪದ, ಇಲ್ಲದಿದ್ದರೆ ಯಂತ್ರದ ಲೆಕ್ಕಕ್ಕೆ ಇನ್ನೊಂದು. ಈ ನಾಲ್ಕರಲ್ಲಿ ನನ್ನ ಫಿಲ್ಟರಿಗೆ ಸಿಕ್ಕಿಬಿದ್ದದ್ದು ಕೊನೆಯದು ಮಾತ್ರ, ಪ್ರತ್ಯಯವನ್ನು ಜಾಗ ಬಿಟ್ಟು ಬರೆದದ್ದು. ಇಡೀ ಆಯುಷ್ಯ ನಾನು ಕೆಂಪು ಪೆನ್ನಿನಲ್ಲಿ ‘ಕೂಡಿಸಿ’ ಎಂದು ಗುರುತು ಹಾಕಿದ ತಪ್ಪು ಅದು! ತಪ್ಪು ಬರೆದವನ ಪೋಸ್ಟು ಮರೆಯಾಗುತ್ತದೆ, ಶುದ್ಧವಾಗಿ ಬರೆದವನ ಪುಡಿ ಜಾಹೀರಾತು ಮನೆಯೊಳಗೆ ಬರುತ್ತದೆ.

ಇದಲ್ಲದೆ ಸೊನ್ನೆಯ ಗೊಂದಲ. ‘ಕಂಟ್ರೋಲ್’ ಎಂದೂ ಹಾಕಿದೆ. ಕೆಲವು ಪೋಸ್ಟು ನಿಂತವು, ಕೆಲವು ನಿಲ್ಲಲಿಲ್ಲ. ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ನಿಲ್ಲದಿದ್ದದ್ದರಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು: ಕ೦ಟ್ರೋಲ್. ಓದುವ ಕಣ್ಣಿಗೆ ಎರಡೂ ಒಂದೇ. ನಾನೇ ಎಷ್ಟೋ ಪುಸ್ತಕಗಳಲ್ಲಿ ‘ಬೆ೦ಗಳೂರು’ ಹೀಗೆ ಸೊನ್ನೆಯೊಂದಿಗೆ ಅಚ್ಚಾದದ್ದನ್ನು ಕಂಪ್ಯೂಟರಿನಲ್ಲಿ ಹುಡುಕಲು ಹೋಗಿ ಸಿಗದೆ ಒದ್ದಾಡಿದ್ದೇನೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಕಥೆ ಹೇಳುವುದೇ ಬೇಡ. ಸಕ್ಕರೆಗೆ ಒಂದು ಕೆ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ, ಕೊನೆಗೆ ಇ ಬಿಟ್ಟು ವೈ ಹಾಕುವವರೂ ಇದ್ದಾರೆ.

ತಮ್ಮನ ಮಗ ಹೇಳಿದ, ಮಸ್ಟೊಡಾನಿನಲ್ಲಿ ‘ಪೂರ್ತಿ ಪದ ಹೊಂದಿದರೆ ಮಾತ್ರ’ ಎಂಬ ಗುರುತನ್ನು ನಾವೇ ಹಾಕಬಹುದು, ತೆಗೆಯಬಹುದು, ಅದನ್ನೇ ಎಲ್ಲರೂ ಕೊಟ್ಟರೆ ಸಾಕಲ್ಲ ಎಂದು. ತೆಗೆದರೆ ಪದದ ತುಣುಕು ಎಲ್ಲಿದ್ದರೂ ಹಿಡಿಯುತ್ತದೆ. ಒಪ್ಪಿದೆ. ‘ಶುಗರ’ ಎಂದು ರ ಅಕ್ಷರಕ್ಕೆ ನಿಲ್ಲಿಸಿ ಬರೆದರೆ ಶುಗರ್, ಶುಗರ್‌ಗೆ, ಶುಗರಿಗೆ ಮೂರೂ ಅದರೊಳಗೆ ಬರುತ್ತವೆ. ಅಷ್ಟರಮಟ್ಟಿಗೆ ದೊಡ್ಡ ಉಪಕಾರ. ಆದರೆ ಅದೂ ಪೂರ್ತಿ ಮದ್ದಲ್ಲ. ಯಾರಿಗೋ ಕಬ್ಬಿನ ವಿಷಯ ಬೇಡ ಅನ್ನಿ. ಕಬ್ಬು, ಕಬ್ಬಿಗೆ, ಕಬ್ಬಿನ ಎಲ್ಲ ಹಿಡಿಯಬೇಕೆಂದರೆ ‘ಕಬ್ಬ’ ಎಂದು ತುಂಡು ಮಾಡಿ ಹಾಕಬೇಕಾಗುತ್ತದೆ. ಹಾಕಿದರೆ ಕಬ್ಬಿಣವೂ ಹೋಯಿತು, ಬೆಂಗಳೂರಿನ ಕಬ್ಬನ್ ಪಾರ್ಕೂ ಹೋಯಿತು!

ಹಿಡಿಯಬೇಕಾದ್ದನ್ನು ಬಿಡುವುದು ಒಂದು ಕಡೆಯಾದರೆ, ಬಿಡಬೇಕಾದ್ದನ್ನು ಹಿಡಿಯುವುದು ಇನ್ನೊಂದು ಕಡೆ. ನಾನು ‘ಸಕ್ಕರೆ’ ಎಂದು ಹಾಕಿದ್ದು ಕಾಯಿಲೆಗಾಗಿ. ಪುಡಿ ಮಾರುವವರು ‘ಸಕ್ಕರೆಕಾಯಿಲೆಗೆ’ ಎಂದು ಒಂದೇ ಪದ ಮಾಡಿ ಬರೆದು ಆರಾಮವಾಗಿ ಒಳಗೆ ಬಂದರು. ಹೋದದ್ದು ಯಾರು? ಸಕ್ಕರೆ ಕಾರ್ಖಾನೆ. ಸಕ್ಕರೆ ಸಚಿವರು. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲುರಾತ್ರಿ ರಸ್ತೆ ಮೇಲೆ ಕೂತಿದ್ದರಲ್ಲ, ಆ ಸುದ್ದಿ ಬಹಳ ಮಟ್ಟಿಗೆ ನನ್ನ ಫೋನಿಗೆ ಬರಲೇ ಇಲ್ಲ. ನನಗೆ ಅದು ಗೊತ್ತಾದದ್ದು ನಿಮ್ಮ ಪತ್ರಿಕೆಯ ಮುಖಪುಟದಿಂದ. ನನ್ನ ತವರುಮನೆಯವರು ಕಬ್ಬು ಬೆಳೆಯುವವರು, ಸಂಪಾದಕರೇ. ನನಗೆ ಆ ಸುದ್ದಿ ಬೇಕಿತ್ತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ‘ಸಕ್ಕರೆ ನಾಡಿನಲ್ಲಿ ನುಡಿಜಾತ್ರೆ’ ಎಂದು ಬರೆಯದವರೇ ಇರಲಿಲ್ಲ. ಈ ಫಿಲ್ಟರು ಆಗಲೇ ಇದ್ದಿದ್ದರೆ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷ ಭಾಷಣದ ಸುದ್ದಿಗೂ ನನ್ನ ಫೋನು ಬಾಗಿಲು ಹಾಕುತ್ತಿತ್ತು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಫೋಟೊ ಅಂತೂ ಹೋದ ಲೆಕ್ಕವೇ.

ಅದಕ್ಕೇ ನನಗೆ ‘ಮರೆಮಾಡು’ ಎಂಬುದಕ್ಕಿಂತ ‘ಎಚ್ಚರಿಸಿ ಮರೆಮಾಡು’ ಎಂಬುದು ಹಿಡಿಸುತ್ತದೆ. ಮಸ್ಟೊಡಾನಿನಲ್ಲಿ ಅದೂ ಇದೆ. ಪೋಸ್ಟಿನ ಜಾಗದಲ್ಲಿ ಒಂದು ಸಾಲು ಉಳಿದು, ಇದು ನಿಮ್ಮ ಇಂಥ ಫಿಲ್ಟರಿಗೆ ಸಿಕ್ಕಿದೆ ಎಂದು ಹೇಳುತ್ತದೆ, ಬೇಕಾದರೆ ತೆಗೆದು ನೋಡಬಹುದು. ಪತ್ರಿಕೆಯಲ್ಲಿ ಷೇರುಪೇಟೆಯ ಪುಟವನ್ನು ನಾನು ಓದದೇ ತಿರುವಿ ಹಾಕುತ್ತೇನೆ, ಆದರೆ ಅಲ್ಲೊಂದು ಪುಟ ಇತ್ತು ಎಂಬುದು ನನಗೆ ಗೊತ್ತಿರುತ್ತದೆ. ಫೋನಿನಲ್ಲಿ ಏನು ಹೋಯಿತು ಎಂಬುದೇ ಗೊತ್ತಾಗುವುದಿಲ್ಲ.

‘ಇವೆಲ್ಲ ಕನ್ನಡದಲ್ಲಿ ಕಷ್ಟ, ಯಂತ್ರಕ್ಕೆ ನಮ್ಮ ಭಾಷೆ ಅಷ್ಟು ಬರುವುದಿಲ್ಲ’ ಎಂದು ತಿಳಿದವರೊಬ್ಬರು ಸಮಾಧಾನ ಹೇಳಿದರು. ನಾನು ಒಪ್ಪುವುದಿಲ್ಲ. ಗೂಗಲ್ಲಿನ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಈಗ ಪೋಸ್ಟುಗಳ ಕೆಳಗೇ ‘ಅನುವಾದ ನೋಡಿ’ ಎಂದು ಬರುತ್ತದೆ. ‘ಮಧುಮೇಹವಿಲ್ಲದವರಿಗೂ’ ಎಂಬುದನ್ನು ಒತ್ತಿ ನೋಡಿ, ಇಂಗ್ಲಿಷಿಗೆ ಸರಿಯಾಗಿ ಬಿಡಿಸಿ ಇಡುತ್ತದೆ. ಅಂದರೆ ಪದದ ಬೇರು ಯಾವುದು, ಬಾಲ ಯಾವುದು ಎಂಬುದು ಯಂತ್ರಕ್ಕೆ ಗೊತ್ತು. ಇನ್ನು ನಾನು ಹುಡುಕಿದ್ದು ನವಣೆ ಅನ್ನ, ಕಾಯಿಲೆಯ ಹೆಸರನ್ನು ಬರೆದೇ ಇರಲಿಲ್ಲ. ಅಷ್ಟರಿಂದಲೇ ನಮ್ಮ ಮನೆಯಲ್ಲಿ ಏನಾಗಿದೆ ಎಂದು ಊಹಿಸಿ ಪುಡಿಯವರನ್ನು ಕಳಿಸುವಷ್ಟು ಜಾಣತನ ಇದೆ. ಒಂದು ಪದದಿಂದ ಅದರ ಸುತ್ತಲಿನ ವಿಷಯವನ್ನೆಲ್ಲ ಹಿಡಿಯುವ ಆ ವಿದ್ಯೆ ಮಾರುವವರ ಸೇವೆಗೆ ಮೀಸಲು. ನಾನು ಬೇಡ ಎಂದಾಗ ಮಾತ್ರ ಅದೇ ಯಂತ್ರ ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಹೊಸ ಗುಮಾಸ್ತನ ಹಾಗೆ ಕೂರುತ್ತದೆ. ಇದು ಬರುವುದಿಲ್ಲ ಎಂಬ ಪ್ರಶ್ನೆಯಲ್ಲ, ಮಾಡಿಕೊಟ್ಟರೆ ಅವರಿಗೇನು ಲಾಭ ಎಂಬ ಪ್ರಶ್ನೆ.

ರೀಲ್ಸ್‌ನಲ್ಲಿ ಇನ್ನೊಂದು ಅಡ್ಡದಾರಿ ಇದೆ. ಕೆಳಗೆ ಬರೆಯುವ ಸಾಲಿನಲ್ಲಿ ಬರೀ ‘ಶೇರ್ ಮಾಡಿ’ ಎಂದಿರುತ್ತದೆ. ರೋಗದ ಹೆಸರು ಬಾಯಿಮಾತಿನಲ್ಲಿ ಬರುತ್ತದೆ, ಇಲ್ಲವೇ ವಿಡಿಯೊ ಮೇಲೆ ಹಳದಿ ಬಣ್ಣದ ದಪ್ಪ ಅಕ್ಷರದಲ್ಲಿ ಚಿತ್ರವಾಗಿ ಕೂತಿರುತ್ತದೆ. ಬರೆದದ್ದನ್ನು ಮಾತ್ರ ನೋಡುವ ಫಿಲ್ಟರು ಅದನ್ನು ಏನೂ ಮಾಡಲಾರದು.

ಈ ವಿಚಾರದಲ್ಲಿ ನಿಮ್ಮ ಪತ್ರಿಕೆಯನ್ನೂ ಸ್ವಲ್ಪ ಬೈಯಬೇಕು, ಬೇಸರ ಮಾಡಿಕೊಳ್ಳಬೇಡಿ. ನೀವೂ ಸುದ್ದಿಯ ಶೀರ್ಷಿಕೆಯನ್ನು ಪೋಸ್ಟರಿನ ಹಾಗೆ ಚಿತ್ರ ಮಾಡಿ ಹಾಕುತ್ತೀರಿ. ಮೇಲೆ ‘ಲಿಂಕ್ ಕಾಮೆಂಟಿನಲ್ಲಿ’ ಎಂದಷ್ಟೇ ಇರುತ್ತದೆ. ಬೇಡವೆಂದವರು ತಡೆಯಲು ಬರುವುದಿಲ್ಲ, ಬೇಕೆಂದವರು ಹುಡುಕಿದರೂ ಸಿಗುವುದಿಲ್ಲ. ನಮ್ಮ ಓಣಿಯಲ್ಲಿ ಕಣ್ಣು ಕಾಣದ ಮೇಷ್ಟ್ರೊಬ್ಬರಿದ್ದಾರೆ, ಫೋನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಸುದ್ದಿ ಕೇಳುತ್ತಾರೆ. ನಿಮ್ಮ ಪೋಸ್ಟು ಬಂದಾಗ ಅವರಿಗೆ ಕೇಳಿಸುವುದು ‘ಚಿತ್ರ’ ಎಂಬುದಷ್ಟೇ. ಶೀರ್ಷಿಕೆಯನ್ನು ಅಕ್ಷರವಾಗಿಯೂ ಒಂದು ಸಾಲು ಬರೆಯಲು ನಿಮ್ಮ ಡೆಸ್ಕಿನವರಿಗೆ ಅರ್ಧ ನಿಮಿಷ ಬೇಕು.

ಒಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು: ಯಾರ ಫೋನಿಗೆ ಯಾರ ಫಿಲ್ಟರು? ಪುಡಿಯ ಪ್ರಕರಣ ಆದ ಮೇಲೆ ನಮ್ಮ ಮನೆಯವರ ಫೋನಿಗೂ ನನ್ನ ಪಟ್ಟಿ ತುಂಬಲು ಹೋದೆ. ಅವರು ಫೋನು ಕಸಿದುಕೊಂಡರು. ‘ನನ್ನ ಫೋನಿನ್ಯಾಗ ನೀ ಯಾಕ ಕತ್ತರಿ ಆಡಸ್ತಿ? ನಾ ಏನ್ ಸಣ್ಣ ಹುಡುಗ ಏನ?’ ಎಂದರು. ಸಾರಿಗೆ ಸಂಸ್ಥೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಚಿಲ್ಲರೆ ಎಣಿಸಿದ ಮನುಷ್ಯ, ಯಾರ ಮಾತನ್ನೂ ಸುಮ್ಮನೆ ಕೇಳುವವರಲ್ಲ. ಸಿಟ್ಟು ಬಂತು ನನಗೆ. ಆದರೆ ಮಾತು ಅವರದ್ದೇ ಸರಿ. ಹೆಂಡತಿ ಗಂಡನ ಫೋನಿಗೆ, ಅಪ್ಪ ಬೆಳೆದ ಮಗಳ ಫೋನಿಗೆ ಪದಗಳ ಪಟ್ಟಿ ಹಾಕುವುದು ಶುರುವಾದರೆ ನಾಳೆ ಸರ್ಕಾರವೂ ನಮ್ಮೆಲ್ಲರ ಫೋನಿಗೆ ಒಂದು ಪಟ್ಟಿ ಹಾಕಲು ಇದೇ ಕಾರಣ ಹೇಳುತ್ತದೆ, ನಿಮ್ಮ ಒಳ್ಳೆಯದಕ್ಕೇ ಎಂದು. ಫಿಲ್ಟರು ಕೈಯಲ್ಲಿ ಫೋನು ಹಿಡಿದವರದ್ದೇ ಇರಬೇಕು. ಕೆಲವು ದಿನ ಬಿಟ್ಟು, ರಿಪೋರ್ಟು ಬಂದ ಮೇಲೆ, ಅವರೇ ಫೋನು ತಂದು ನನ್ನ ಮುಂದಿಟ್ಟು ‘ಆ ಪುಡಿ ಮಂದೀದು ಬಂದ್ ಮಾಡಾಕ ಬರ್ತೈತೇನ್ ನೋಡು, ಕ್ರಿಕೆಟ್ ಮುಟ್ಟಬ್ಯಾಡ’ ಎಂದರು. ಮುಟ್ಟಲಿಲ್ಲ.

ಕೇಳಿಕೊಳ್ಳುವುದು ಯಾರನ್ನು ಎಂದು ಯೋಚಿಸಿದೆ. ಯುರೋಪಿನಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆ ಎಂದಿದೆ. ಅದರ ಪ್ರಕಾರ ದೊಡ್ಡ ತಾಣಗಳು ಬಳಕೆದಾರರ ಜಾತಕ (ಯಾರು ಏನು ನೋಡುತ್ತಾರೆ ಎಂಬ ಲೆಕ್ಕ) ನೋಡದೆ ಫೀಡು ತೋರಿಸುವ ಒಂದು ಆಯ್ಕೆಯನ್ನಾದರೂ ಕೊಡಲೇಬೇಕು. 2023ರ ಆಗಸ್ಟಿನಿಂದ ದೊಡ್ಡ ತಾಣಗಳಿಗೆ ಅದು ಅನ್ವಯವಾಗಿದೆ. ನಮ್ಮ ನಿಯಮಗಳಲ್ಲಿ ದೂರು, ತೆಗೆದುಹಾಕು, ಗಡುವು, ಇವುಗಳ ಮಾತೇ ಜಾಸ್ತಿ. ಓದುವವರ ಕೈಗೆ ಏನು ಕೊಡಬೇಕು ಎಂಬ ಮಾತು ಕಡಿಮೆ. ಬಂದ ದೂರನ್ನು ಅವರೇ ತೂಗುವುದು, ಅವರೇ ತೀರ್ಪು ಕೊಡುವುದು ಎಂದ ಮೇಲೆ ನಮಗೆ ಉಳಿಯುವುದು ಈ ಪದಗಳ ಪಟ್ಟಿಯೇ. ಅದಾದರೂ ನಮ್ಮ ಭಾಷೆಯಲ್ಲಿ ನೆಟ್ಟಗೆ ಕೆಲಸ ಮಾಡಲಿ.

ರಾಜ್ಯದಲ್ಲಿ ಅಂಗಡಿ ಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಆಯಿತು. ಸಂತೋಷ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಫಲಕದ ಕಡೆಗೆ ನೋಡುವ ಕಣ್ಣನ್ನು ಒಂದು ಸಲ ಫೋನಿನ ಸೆಟ್ಟಿಂಗ್ಸ್ ಕಡೆಗೂ ತಿರುಗಿಸಲಿ. 2011ರ ಜನಗಣತಿಯಲ್ಲೇ ಕನ್ನಡ ತಾಯ್ನುಡಿ ಎಂದವರು 4.37 ಕೋಟಿ ಜನ. ಇಷ್ಟು ಗಿರಾಕಿಗಳಿರುವ ಭಾಷೆಯ ಪರವಾಗಿ ಕಂಪನಿಗಳಿಗೆ ಒಂದು ಪತ್ರ ಬರೆಯುವುದು ಹೆಚ್ಚೇನಲ್ಲ. ಪತ್ರದಲ್ಲಿ ಕೇಳಬೇಕಾದದ್ದು ಸ್ಪಷ್ಟವಾಗಿರಲಿ. ಒಂದು ಪದ ಕೊಟ್ಟರೆ ಅದರ ಎಲ್ಲ ವಿಭಕ್ತಿರೂಪಗಳನ್ನೂ ಫಿಲ್ಟರು ಹಿಡಿಯಬೇಕು, ಅದು ಆಗುವವರೆಗೆ ‘ಈ ಅಕ್ಷರಗಳಿಂದ ಶುರುವಾಗುವ ಪದಗಳು’ ಎಂಬ ಆಯ್ಕೆಯನ್ನಾದರೂ ಕೊಡಬೇಕು. ಕಾಣದ ಚಿಹ್ನೆ ಇದ್ದರೂ ಇಲ್ಲದಿದ್ದರೂ, ಅನುಸ್ವಾರ ಇದ್ದರೂ ಸೊನ್ನೆ ಇದ್ದರೂ ಒಂದೇ ಎಂದು ಎಣಿಸಬೇಕು. ‘ಸಕ್ಕರೆ ಕಾಯಿಲೆ’ ಬೇಡ ಎಂದವರಿಗೆ ‘ಸಕ್ಕರೆ ಕಾರ್ಖಾನೆ’ ಉಳಿಸಿಕೊಳ್ಳಲು ‘ಈ ಪದ ಜೊತೆಗಿದ್ದರೆ ಬಿಡು’ ಎನ್ನುವ ಇನ್ನೊಂದು ಖಾನೆ ಇರಬೇಕು. ಏನು ಮರೆಯಾಯಿತು ಎಂದು ತೋರಿಸಬೇಕು. ಇದೆಲ್ಲ ಪ್ರೂಫ್ ನೋಡುವವಳ ಬುದ್ಧಿಗೆ ಹೊಳೆದದ್ದು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವೇ ಇದೆ, ಕೇಂದ್ರ ಸರ್ಕಾರ 2022ರಲ್ಲಿ ಭಾರತೀಯ ಭಾಷೆಗಳ ಯಂತ್ರಾನುವಾದಕ್ಕೆಂದು ಭಾಷಿಣಿ ಎಂಬ ಯೋಜನೆಯನ್ನೇ ಶುರುಮಾಡಿದೆ. ಅಲ್ಲಿನವರು ಕೂತರೆ ಇನ್ನೂ ಚೆನ್ನಾಗಿ ಬರೆದುಕೊಟ್ಟಾರು.

ಅಲ್ಲಿಯವರೆಗೆ ನನ್ನಂತೆ ಕೈಯಿಂದಲೇ ಮಾಡಿಕೊಳ್ಳುವ ಓದುಗರಿಗೆ ಒಂದೆರಡು ಗುಟ್ಟು. ರೋಗದ ಹೆಸರನ್ನು ಹಾಕುವುದಕ್ಕಿಂತ ಅವರು ಆಡುವ ಮಾತನ್ನು ಹಾಕುವುದು ಹೆಚ್ಚು ಫಲ ಕೊಟ್ಟಿದೆ. ‘ರಾಮಬಾಣ’, ‘ಮನೆಮದ್ದು’, ‘ಬೇರುಸಹಿತ’, ‘ಮಾಯ’. ಒಳ್ಳೆಯ ಡಾಕ್ಟರು ಈ ಪದಗಳನ್ನು ಬಳಸುವುದು ಅಪರೂಪ. ಹಾಗಾಗಿ ಸರ್ಕಾರಿ ಆಸ್ಪತ್ರೆಯ ತಪಾಸಣಾ ಶಿಬಿರದ ಸುದ್ದಿ ಉಳಿಯುತ್ತದೆ, ಪುಡಿಯ ಸುದ್ದಿ ಹೋಗುತ್ತದೆ. ‘ಮನೆಮದ್ದು’ ಹಾಕುವ ಮೊದಲು ಮನೆಯಲ್ಲಿ ಅತ್ತೆಯವರಿದ್ದರೆ ಅವರನ್ನೊಮ್ಮೆ ಕೇಳಿ, ಅವರು ಕೆಮ್ಮಿಗೆ ಕಷಾಯದ ವಿಡಿಯೊ ನೋಡುವವರಾಗಿರಬಹುದು. ಪದ ಹಾಕುವಾಗ ಬಿಡಿಬಿಡಿಯಾಗಿಯೂ ಕೂಡಿಸಿಯೂ ಬರೆದು ಹಾಕಿ. ಚುನಾವಣೆಯ ಹೊತ್ತಿಗೆ ಬೇಸರವಾದವರು ಶಾಶ್ವತ ಎಂದು ಒತ್ತದೆ ಗಡುವು ಇಟ್ಟು ಹಾಕಿದರೆ ಮೇಲು, ಇಲ್ಲದಿದ್ದರೆ ಫಲಿತಾಂಶವೂ ಬರುವುದಿಲ್ಲ. ‘ಕೋ’ ಇದ್ದಲ್ಲಿ ‘ಕೊ’ ಬರೆಯುವವರು ಅರ್ಧ ಊರಿದ್ದಾರೆ, ದೀರ್ಘವನ್ನೂ ಹ್ರಸ್ವವನ್ನೂ ಎರಡನ್ನೂ ತುಂಬಿ.

ನಾನು ಹೀಗೆ ಕೂಡಿಹಾಕಿದ ಪಟ್ಟಿ ಕಾಲಕ್ರಮದಲ್ಲಿ ಉದ್ದವಾಗಿದೆ, ವಿಭಕ್ತಿ ಸಹಿತ. ನಿಮ್ಮ ಆರೋಗ್ಯ ಪುರವಣಿಯವರಿಗೆ ಬೇಕಾದರೆ ಈ ಪತ್ರದ ಜೊತೆ ಇಟ್ಟಿರುವ ಹಾಳೆಯಿಂದ ಹಾಗೆಯೇ ಅಚ್ಚು ಮಾಡಿಕೊಳ್ಳಲಿ. ದಯವಿಟ್ಟು ಚಿತ್ರ ಮಾಡಿ ಹಾಕಬೇಡಿ, ಓದುಗರು ಕಾಪಿ ಮಾಡಿಕೊಳ್ಳುವ ಹಾಗಿರಲಿ. ಅಚ್ಚಿಗೆ ಮೊದಲು ಪ್ರೂಫ್ ನನಗೊಮ್ಮೆ ಕಳಿಸಿದರೆ ನೋಡಿ ಕೊಡುತ್ತೇನೆ. ಹೆಸರು ಹಾಕಬೇಡಿ, ಪುಡಿಯ ವಿಷಯ ಬಂದಿದೆ, ಮನೆಯವರು ನಿಮ್ಮ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಾರೆ.

ಇಂತಿ,
ಒಬ್ಬ ಪ್ರೂಫ್ ರೀಡರ್
ಬೆಟಗೇರಿ, ಗದಗ